ಒಲೆಯ ಪಾಲಿನ ಗಾಳಿ

ನವೆಂಬರ್ 28, ಗುರುವಾರ

ಬೆಳಗ್ಗೆ ಹೋದ ಕರೆಂಟ್ ಸಂಜೆಯಾದರೂ ಬರಲಿಲ್ಲ. ಗ್ಯಾರೇಜಿನ ಕಬ್ಬಿಣದ ಬಾಗಿಲು ಮುಟ್ಟಿದರೆ ಬೆರಳು ಕಚ್ಚುವಷ್ಟು ಚಳಿ. ಮುದುಕ ದಿನವಿಡೀ ಆ ಕಿತ್ತುಹೋದ ಲಾರಿ ಸೀಟಿನ ಮೇಲೆ ಕೂತು ಕೆಮ್ಮುತ್ತಿದ್ದ. ಕೆಮ್ಮಿ ಡಬ್ಬಿಗೆ ಉಗುಳುತ್ತಾನೆ. ಡಬ್ಬಿ ತೊಳೆಯುವವಳು ನಾನು.

ಜಾಕ್ ಜಾರಿ ಲಾರಿ ನಮ್ಮವರ ಮೈಮೇಲೆ ಬಂದು ವರ್ಷವಾಗುತ್ತ ಬಂತು. ಅವರ ಕಡೆಯಿಂದ ನನಗೆ ಉಳಿದದ್ದು ಎರಡೇ. ಹಿತ್ತಲಲ್ಲಿ ಸಾಲಾಗಿ ನಿಂತ ಹಳೇ ಆಯಿಲ್ ಪೀಪಾಯಿಗಳು, ಒಳಗೆ ಗೋಡೆಗೊರಗಿ ಕೂತ ಅವರ ಅಪ್ಪ. ಎರಡನ್ನೂ ಯಾರೂ ಬಂದು ಕೇಳುವುದಿಲ್ಲ.

ಮಧ್ಯಾಹ್ನ ಅಕ್ಕ ಫೋನ್ ಮಾಡಿದ್ದಳು.

"ಎಷ್ಟು ದಿನ ಅಂತ ಅಲ್ಲೇ ಕೊಳೀತೀಯೇ? ಹಿಂದಿನ ರೂಮು ಖಾಲಿ ಇದೆ, ಬಂದ್ಬಿಡು."

"ಈ ಮುದುಕನ್ನ ಏನ್ ಮಾಡ್ಲಿ?"

"ನಿಮ್ಮಲ್ಲೇ ದಿಬ್ಬದ ಮೇಲೆ ವೃದ್ಧಾಶ್ರಮ ಇದೆಯಲ್ಲ, ಯಾರೂ ಇಲ್ಲದವ್ರನ್ನ ಇಟ್ಕೊಳ್ತಾರಂತೆ."

"ಸೊಸೆ ಅಂತ ನಾನಿದ್ದೀನಲ್ಲ."

"ಮಗನೇ ಹೋದ್ಮೇಲೆ ಸೊಸೆ ಎಲ್ಲಿಂದ ಬಂದ್ಲು?"

ಅವಳು ಹೇಳುವುದರಲ್ಲಿ ತಪ್ಪೇನಿದೆ? ಶೆಡ್ಡಿನಲ್ಲಿ ಇನ್ನೊಂದೇ ಒಂದು ಬ್ಯಾಚ್ ಕೋಳಿಮರಿ ಸಾಕಿ, ಅದು ಮಾರಿದ ಮೇಲೆ ಹೊರಟುಬಿಡುತ್ತೇನೆ. ಮುದುಕನಿಗೆ ಆಗಲೇ ಹೇಳಿದರಾಯಿತು.

ಡಿಸೆಂಬರ್ 2, ಸೋಮವಾರ

ಮರಿಯವನು ಬಂದಿದ್ದ. ಹ್ಯಾಚರಿಯಿಂದ ಮರಿ ತಂದು ಮನೆಮನೆಗೆ ಸಾಕಲು ಕೊಡುವ ಆಸಾಮಿ. ಶೆಡ್ಡಿನ ಬಲ್ಬುಗಳನ್ನು ನೋಡಿ ತಲೆ ಅಲ್ಲಾಡಿಸಿದ.

"ನೋಡಿಮ್ಮಾ, ಈ ಕರೆಂಟ್ ನಂಬ್ಕೊಂಡು ಮರಿ ಬಿಡಕ್ಕಾಗಲ್ಲ. ಒಂದು ಒಲೆ ಗಿಲೆ ಮಾಡ್ಕೊಳ್ಳಿ. ಭಾನುವಾರ ತಂದು ಇಳಿಸ್ತೀನಿ."

ಸೌದೆಗೆ ಎಲ್ಲಿ ಹೋಗಲಿ? ಹಿತ್ತಲಲ್ಲಿ ಆಯಿಲ್ ಇದೆಯಲ್ಲ ಎನ್ನಿಸಿತು. ದೊಡ್ಡ ಗ್ಯಾರೇಜುಗಳಲ್ಲಿ ಅದರಲ್ಲೇ ಒಲೆ ಉರಿಸುತ್ತಾರೆ ಎಂದು ನಮ್ಮವರು ಹೇಳುತ್ತಿದ್ದರು. ಲಾರಿಯ ಹಳೇ ಬ್ರೇಕ್ ಡ್ರಮ್ಮಿನ ತಳಕ್ಕೆ ತಗಡು ಬೆಸೆದು ಬಟ್ಟಲು ಮಾಡಿದೆ. ಮೇಲೊಂದು ದಪ್ಪ ಪೈಪು ನಿಲ್ಲಿಸಿ, ಎಲ್ಲಕ್ಕೂ ಒಂದು ಪೀಪಾಯಿಯ ಹೊದಿಕೆ ಹಾಕಿ, ಹೊಗೆಗೊಂದು ಕೊಳವೆ ಏರಿಸಿದೆ. ನಲ್ಲಿಯಿಂದ ಆಯಿಲ್ ತೊಟ್ಟು ತೊಟ್ಟಾಗಿ ಬಟ್ಟಲಿಗೆ ಬೀಳುತ್ತದೆ. ಬೆಸುಗೆ ಹಾಕಲು ನನಗೆ ಬರುತ್ತದೆ. ಇಷ್ಟು ವರ್ಷ ಗ್ಯಾರೇಜಿನಲ್ಲಿ ಟಾರ್ಚ್ ಹಿಡಿದು ನಿಂತದ್ದು ಪೂರಾ ದಂಡವಲ್ಲ.

ಹಚ್ಚಿದೆ. ಬೆಂಕಿಗಿಂತ ಮೊದಲು ಹೊಗೆ ಬಂತು. ಕಾಡಿಗೆಯಂಥ ಹೊಗೆ, ಮಸಿಯ ಎಳೆ ಎಳೆಯಾಗಿ ಬೀದಿಯ ಮೇಲೆಲ್ಲ ಇಳಿಯಿತು. ಪಕ್ಕದ ಮನೆಯ ದರ್ಜಿಯಮ್ಮ ಕತ್ತರಿ ಹಿಡಿದುಕೊಂಡೇ ಓಡಿಬಂದಳು.

"ಏನೇ ಇದು! ಮದುವೆಗೆ ಅಂತ ಹೊಲಿದು ಒಣಗಕ್ಕೆ ಹಾಕಿದ್ದೆ, ಈಗ ಹೆಣದ ಮನೆಗೆ ಉಟ್ಕೊಂಡು ಹೋಗೋ ಹಾಗಾಯ್ತಲ್ಲೇ!"

ನಾನು ಮುಖವೆಲ್ಲ ಮಸಿ ಮಾಡಿಕೊಂಡು ನಿಂತಿದ್ದೆ. ಆಗ ಮುದುಕ ಬಾಯಿ ಬಿಟ್ಟ. ದಿನಗಟ್ಟಲೆ ಮಾತಾಡದವನು.

"ಮೂಗು ಮುಚ್ಚಿ ಊಟ ಮಾಡು ಅಂದ್ರೆ ಯಾರು ಮಾಡ್ತಾರೆ? ಅದಕ್ಕೆ ಗಾಳಿ ಎಲ್ಲಿದೆ?"

ಮೈಯೆಲ್ಲ ಉರಿಯಿತು. ಕೂತಲ್ಲಿಂದ ಹೇಳುವುದು ಸುಲಭ.

ಡಿಸೆಂಬರ್ 4

ಮುದುಕ ನಡುಪ್ರಾಯದವರೆಗೂ ಗಿರಣಿಯ ಬಾಯ್ಲರ್ ಕಾಯ್ದವನು. ಅದರದೇ ಜಂಬ. "ಆಯಿಲ್ ಉರಿಯಲ್ಲ ಕಣಮ್ಮ, ಅದರ ಆವಿ ಉರಿಯೋದು. ಆವಿಗೆ ಗಾಳಿ ಸೇರಬೇಕು. ಪೈಪಿಗೆ ತೂತು ಹೊಡಿ, ದೊಡ್ಡ ದೊಡ್ಡದು ಹೊಡಿ," ಎಂದ. ಹೊಡೆದೆ. ಡ್ರಿಲ್ ತಿರುಗಿಸಿ ತಿರುಗಿಸಿ ಭುಜ ಬಿದ್ದುಹೋಯಿತು. ಹಚ್ಚಿದರೆ ಕಪ್ಪು ಹೊಗೆ ಹೋಗಿ ಬಿಳಿ ಹೊಗೆ ಬಂತು. ಗಬ್ಬು ನಾತ, ಕಣ್ಣಲ್ಲಿ ನೀರು. ನೋಡುತ್ತಿದ್ದಂತೆ ಬೆಂಕಿ ಆರಿಯೇಹೋಯಿತು. ಒಳಗೆ ಕೈಯಿಟ್ಟರೆ ಬಟ್ಟಲು ಬರಿ ಬೆಚ್ಚಗೆ. ತಣ್ಣನೆ ಗಾಳಿ ನುಗ್ಗಿ ಆವಿ ಏಳುವುದಕ್ಕೇ ಬಿಟ್ಟಿಲ್ಲ.

"ನಿಮ್ಮ ಬಾಯ್ಲರ್ ಅಲ್ಲ ಇದು," ಎಂದೆ.

ಹೊಸ ಪೈಪು ತಂದು ಕೆಳಗೆ ಸಣ್ಣ ತೂತು, ಮೇಲಕ್ಕೆ ಹೋದಂತೆ ದೊಡ್ಡ ತೂತು ಮಾಡಿದೆ. ಕೆಳಗೆ ಆವಿ ಏಳಲು ಬೇಕಾದಷ್ಟು, ಮೇಲೆ ಅದು ಉರಿಯಲು ಬೇಕಾದಷ್ಟು. ಡೀಸೆಲ್ಲಿನಲ್ಲಿ ಅದ್ದಿದ ಚಿಂದಿಯಿಂದ ಬಟ್ಟಲು ಕಾಯಿಸಿ ನಲ್ಲಿ ಬಿಟ್ಟೆ. ಮೊದಲು ಗುರ್ ಎಂದಿತು, ಆಮೇಲೆ ಬೆಟ್ಟದ ಮೇಲೆ ಲಾರಿ ಹತ್ತುವಂಥ ಸದ್ದು. ಪೈಪಿನ ತೂತು ತೂತಿನಲ್ಲೂ ಒಂದೊಂದು ನಾಲಿಗೆ.

ಮುದುಕ ಎದ್ದು ಬಂದು ಕೈ ಚಾಚಿ ನಿಂತ. "ಬಕಾಸುರ," ಎಂದ. ಆಯಿಲ್ ಕುಡಿಯುವ ರೀತಿಗೆ ಹೆಸರು ಸರಿಯಾಗಿಯೇ ಇದೆ.

ಡಿಸೆಂಬರ್ 8, ಭಾನುವಾರ

ಮರಿಗಳು ಬಂದವು. ಶೆಡ್ಡಿನ ತುಂಬ ಹಳದಿ ಗದ್ದಲ. ಗೋಡೆಯ ಸಂದಿಗೆಲ್ಲ ಗೋಣಿ ತುರುಕಿ, ಒಲೆಯ ಹಿಂದಿನ ಗೋಡೆಯಲ್ಲಿದ್ದ ಗವಾಕ್ಷಿಯ ತಗಡು ಮುಚ್ಚಿ ಬೆಚ್ಚಗೆ ಮಾಡಿದೆ. ಊಟ ಮಾಡಿ ಬರುವಷ್ಟರಲ್ಲಿ ಮುದುಕ ತಗಡು ತೆಗೆದಿಟ್ಟಿದ್ದ.

"ಮರಿಗೆ ಚಳಿ ಹೊಡೆಯತ್ತೆ!"

"ಒಲೆಗೆ ಉಸಿರು ಕಟ್ಟತ್ತೆ."

ಮುಚ್ಚಿದೆ.

ಡಿಸೆಂಬರ್ 9

ತೆಗೆದಿದ್ದ. ಮುಚ್ಚಿದೆ. ತೆಗೆದ. ಮುಚ್ಚಿದೆ. ಹಟಮಾರಿ.

ಡಿಸೆಂಬರ್ 13, ಶುಕ್ರವಾರ

ಮರಿಗಳಿಗೆ ನೀರಿಡಲು ಹೋದಾಗ ಒಂದು ಗಮನಿಸಿದೆ. ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಒಳಗಿದ್ದರೆ ಬೆಂಕಿ ನಿಧಾನವಾಗಿ ಕೆಂಪಾಗಿ ಮಂಕಾಗುತ್ತದೆ, ನಾಲಿಗೆ ಉದ್ದವಾಗಿ ತುದಿಯಲ್ಲಿ ಮಸಿ ಕಟ್ಟುತ್ತದೆ. ಬಾಗಿಲು ತೆರೆದ ಕೂಡಲೇ ಯಾರೋ ಎಬ್ಬಿಸಿದಂತೆ ಬೆಳ್ಳಗೆ ಎದ್ದು ಗುಡುಗುತ್ತದೆ. ಮೂರ್ನಾಲ್ಕು ಬಾರಿ ಮಾಡಿ ನೋಡಿದೆ. ಒಳಗಿನ ಗಾಳಿಯನ್ನೆಲ್ಲ ಅದು ತಿಂದುಬಿಡುತ್ತಿದೆ. ಮೂರು ದಿನದಿಂದ ನನಗೆ ಬರುತ್ತಿದ್ದ ತಲೆನೋವು ಎಲ್ಲಿಂದ ಬಂತೆಂದು ಆಗ ತಿಳಿಯಿತು. ಮುದುಕ ಹೇಳಿದ್ದು ಸರಿ.

ಆದರೆ ಗವಾಕ್ಷಿ ತೆರೆದಿಟ್ಟಾಗ ಮರಿಗಳು ಚಳಿಗೆ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು, ಅಡಿಯಲ್ಲಿದ್ದವು ಚಪ್ಪಟೆಯಾಗಿದ್ದವು. ನಾನು ಹೇಳಿದ್ದೂ ಸರಿ. ಇಬ್ಬರೂ ಸರಿಯಾದ ಮೇಲೆ ದಾರಿ ಎಲ್ಲಿದೆ?

ಸತ್ತ ಮರಿಗಳನ್ನು ಬುಟ್ಟಿಗೆ ಹಾಕುವಾಗ ಅಳು ಬಂತು. ನಮ್ಮವರು ಹೋದಾಗ ಇಷ್ಟು ಅತ್ತಿರಲಿಲ್ಲ, ನಾಚಿಕೆಯಾಯಿತು. ಮಾವ ಬಾಗಿಲಲ್ಲಿ ನಿಂತು ನೋಡಿ ಹೋದ.

ಡಿಸೆಂಬರ್ 16, ಸೋಮವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ತಲೆಯಲ್ಲೇ ಸುತ್ತುತ್ತದೆ.

ನಿನ್ನೆ ಮಧ್ಯಾಹ್ನ ಬಿರುಗಾಳಿ. ನಾನು ಗವಾಕ್ಷಿ ತೆರೆದಿಟ್ಟು, ಆಯಿಲ್ ಸೋಸುವ ಬಟ್ಟೆ ತರಲು ಅಂಗಡಿಗೆ ಹೋಗಿದ್ದೆ. ಮಾವನ ಮಾತೇ ಸರಿ ಎಂದು ತೀರ್ಮಾನಿಸಿಕೊಂಡು ತೆರೆದಿಟ್ಟಿದ್ದೆ. ಹೇಳಿರಲಿಲ್ಲ. ಮಾವ ಶೆಡ್ಡಿಗೆ ಹೋಗಿ ನೋಡಿ, ಮರಿಗಳು ನಡುಗುವುದು ಕಂಡು, ನಾನು ಅತ್ತದ್ದು ನೆನಪಾಗಿ, ತಗಡು ಮುಚ್ಚಿ ಅದರ ಮೇಲೊಂದು ಗೋಣಿಯನ್ನೂ ಬಿಗಿದಿದ್ದಾನೆ. ಅವನೂ ಹೇಳಿರಲಿಲ್ಲ. ಹೇಳುವುದಕ್ಕೆ ನಾನಿರಲಿಲ್ಲ.

ಒಳಗೆ ಗಾಳಿಯಿಲ್ಲ, ಮೇಲಿನಿಂದ ಬಿರುಗಾಳಿ ಕೊಳವೆಯೊಳಕ್ಕೇ ಊದುತ್ತಿತ್ತು. ಹೊಗೆಗೆ ಬೇರೆ ಹಾದಿ ಎಲ್ಲಿ?

ನಾನು ಬೀದಿಯ ತಿರುವಿನಲ್ಲೇ ನೋಡಿದೆ. ಓಡಿದೆ. ಶೆಡ್ಡಿನ ಬಾಗಿಲಲ್ಲಿ ಹೊಗೆಯ ಗೋಡೆ. ಅದರೊಳಗಿಂದ ಒಂದು ಬುಟ್ಟಿ ಹೊರಗೆ ಬಂದು ಬಿತ್ತು, ಮರಿಗಳು ಚೆಲ್ಲಿದವು, ಮತ್ತೊಂದು ಬುಟ್ಟಿ. ಮಾವ ಒಳಗಿದ್ದರು. ನಾನು ಕೂಗಿದರೂ ಬರಲಿಲ್ಲ. ದರ್ಜಿಯಮ್ಮ ಮತ್ತು ನಾನು ಸೇರಿ ಹಿಡಿದೆಳೆದೆವು. ಕೈಯಲ್ಲಿ ಎರಡು ಮರಿ ಇದ್ದವು. ಎರಡೂ ಸತ್ತಿದ್ದವು.

"ನೀನೇ ಮುಚ್ಚು ಅಂತಿದ್ಯಲ್ಲಾ," ಎಂದರು, ಮಗುವಿನ ಹಾಗೆ. ಆಮೇಲೆ ಕೆಮ್ಮು ಶುರುವಾಯಿತು. ಇನ್ನೂ ನಿಂತಿಲ್ಲ.

ಡಿಸೆಂಬರ್ 18

ಸತ್ತ ಮರಿಗಳಿಗೆ ಹಿತ್ತಲಲ್ಲಿ ಗುಂಡಿ ತೋಡಿದೆ. ನೆಲ ಕಲ್ಲಾಗಿತ್ತು.

ಮರಿಯವನು ಬಂದು ಉಳಿದ ನಾಲ್ಕು ಮರಿ, ನೀರಿನ ಬಟ್ಟಲು ಎಲ್ಲ ಒಯ್ದ. ಕೆಟ್ಟ ಮನುಷ್ಯನಲ್ಲ. "ಇನ್ನು ನಿಮಗೆ ಮರಿ ಕೊಡಕ್ಕಾಗಲ್ಲಮ್ಮ, ನಮ್ಮ ಯಜಮಾನ್ರು ಬಿಡಲ್ಲ," ಎಂದು ನೆಲ ನೋಡುತ್ತ ಹೇಳಿದ.

ಅಕ್ಕನಿಗೆ ತಿಳಿಸಿದೆ. "ಒಳ್ಳೇದೇ ಆಯ್ತು ಬಿಡು. ಇನ್ನೇನಿದೆ ಅಲ್ಲಿ?" ಎಂದಳು. ಏನೂ ಇಲ್ಲ ಎಂದೆ.

ಡಿಸೆಂಬರ್ 21, ಶನಿವಾರ

ಡಾಕ್ಟರು ಮಾವನ ಬೆನ್ನಿಗೆ ಕಿವಿಗೊಟ್ಟು ಬಹಳ ಹೊತ್ತು ಕೇಳಿದರು. ನನ್ನನ್ನು ಹೊರಗೆ ಕರೆದು, "ಬಾಯ್ಲರ್ ಹತ್ರ ಇದ್ದಾಗ್ಲೇ ಶ್ವಾಸಕೋಶ ಅರ್ಧ ಹೋಗಿತ್ತು, ಈ ಹೊಗೆ ಉಳಿದದ್ದನ್ನ ತಗೊಂಡ್ತು. ಬೆಚ್ಚಗಿಡಿ. ಆದರೆ ಹೊಗೆ ಒಂಚೂರೂ ಸೋಕಬಾರದು," ಎಂದರು.

"ವಾಸಿಯಾಗತ್ತಾ?"

"ಬೆಚ್ಚಗಿಡಿ," ಎಂದರು ಇನ್ನೊಮ್ಮೆ.

ಬೆಚ್ಚಗಿಡಲು ನನ್ನಲ್ಲಿರುವುದು ಆ ಬಕಾಸುರ ಒಂದೇ.

ಡಿಸೆಂಬರ್ 24

ಒಲೆಯನ್ನು ಮನೆಯ ಕೋಣೆಗೆ ತಂದೆ. ಕಿಟಕಿ ತೆರೆದು, ಮಾವನಿಗೆ ನಾಲ್ಕು ಕಂಬಳಿ ಹೊದಿಸಿ ಸ್ವಲ್ಪ ಹೊತ್ತು ಉರಿಸಿದೆ. ಅದೇ ಕಥೆ. ಕಿಟಕಿ ತೆರೆದರೆ ಕೋಣೆ ತಣ್ಣಗೆ, ಮುಚ್ಚಿದರೆ ಬೆಂಕಿ ಮಂಕು.

ಸೋತು ನೆಲದ ಮೇಲೆ ಕೂತಿದ್ದೆ. ಪಾದದ ಮೇಲೆ ತಣ್ಣನೆಯದೇನೋ ಹರಿಯಿತು. ಬಾಗಿಲ ಸಂದಿಯಿಂದ ಗಾಳಿ, ದಾರದಷ್ಟು ಸಣ್ಣಗೆ, ನೆಲ ಹಿಡಿದುಕೊಂಡು ನೇರ ಒಲೆಯ ಬುಡಕ್ಕೇ ಹೋಗುತ್ತಿತ್ತು. ಕೈಯಿಟ್ಟು ಕೈಯಿಟ್ಟು ಅದರ ಹಿಂದೆಯೇ ಹೋದೆ. ಒಲೆಗೆ ಬೇಕಾದದ್ದು ಹೊರಗಿನ ಗಾಳಿ. ಅದು ನಮ್ಮ ಕೋಣೆಯನ್ನು ಹಾದು, ನಮ್ಮನ್ನು ನಡುಗಿಸಿ ಯಾಕೆ ಹೋಗಬೇಕು? ಅದಕ್ಕೇ ಬೇರೆ ದಾರಿ ಕೊಟ್ಟರೆ?

ಮಾವನಿಗೆ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡೇ ಯೋಚಿಸಿದರು.

"ಗಿರಣಿಯಲ್ಲಿ ಹಂಗಿರಲಿಲ್ಲ," ಎಂದರು. ಕಣ್ಣು ತೆರೆದು, "ಇರಬೇಕಾಗಿತ್ತು," ಎಂದರು.

ಡಿಸೆಂಬರ್ 28, ಶನಿವಾರ

ಆಯಿತು!

ಲಾರಿಯ ಹಳೇ ಸೈಲೆನ್ಸರ್ ಪೈಪು ಗೋಡೆಯಲ್ಲಿ ತೂರಿಸಿ, ಹೊರಗಿನಿಂದ ಒಲೆಯ ಬುಡಕ್ಕೇ ಬೆಸೆದೆ. ಕೋಣೆಯ ಕಡೆ ಒಲೆಗೆ ಸೂಜಿಯಷ್ಟೂ ಸಂದಿಯಿಲ್ಲದಂತೆ ಮುಚ್ಚಿದೆ. ಮೊದಲು ಹೊರಗಿನ ಚಳಿಗಾಳಿಗೆ ಬಟ್ಟಲು ತಣ್ಣಗಾಗಿ ಬಿಳಿ ಹೊಗೆ ಬಂತು. ಆಗ ಮಾವ ಮಲಗಿದ್ದಲ್ಲಿಂದ, "ಕೊಳವೆ ಸುಡ್ತಾ ಇದೆಯಲ್ಲ, ಆ ಬಿಸಿ ಆಕಾಶಕ್ಕೆ ಯಾಕೆ ದಾನ ಮಾಡ್ತೀಯ?" ಎಂದರು. ಅರ್ಥವಾಯಿತು. ಗಾಳಿಯ ಪೈಪನ್ನು ಹೊಗೆಯ ಕೊಳವೆಗೆ ತಾಗಿಸಿ, ಎರಡನ್ನೂ ಒಂದೇ ತಗಡಿನಲ್ಲಿ ಸುತ್ತಿದೆ. ಒಳಗೆ ಬರುವ ಗಾಳಿ ಈಗ ಕಾದುಕೊಂಡೇ ಬರುತ್ತದೆ.

ಬಿರುಗಾಳಿ ಬೀಸಿದಾಗ ಬೆಂಕಿ ದಡಬಡ ಎನ್ನುತ್ತಿತ್ತು. ಗಾಳಿಯ ಬಾಯಿ ಮನೆಯ ಒಂದು ಕಡೆ, ಹೊಗೆಯ ಬಾಯಿ ಇನ್ನೊಂದು ಕಡೆ ಇದ್ದದ್ದೇ ತಪ್ಪು. ಎರಡನ್ನೂ ಒಂದೇ ಕಡೆ ಅಕ್ಕಪಕ್ಕ ಇಟ್ಟೆ. ಗಾಳಿ ಎರಡನ್ನೂ ಒಟ್ಟಿಗೇ ತಳ್ಳಿದರೆ ನಡುವೆ ಇರುವ ಬೆಂಕಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಹೊರಗೆ ನಿಂತು ನೋಡಿದೆ. ಕೊಳವೆಯ ಮೇಲೆ ಹೊಗೆಯೇ ಇಲ್ಲ, ಬರಿ ಗಾಳಿ ನೀರಿನಂತೆ ನಡುಗುತ್ತಿತ್ತು. ದರ್ಜಿಯಮ್ಮ ಬಿಳಿ ಬಟ್ಟೆಯ ಬುಟ್ಟಿ ತಂದು, ನನ್ನನ್ನು ಪರೀಕ್ಷಿಸುವವಳಂತೆ ಒಂದೊಂದನ್ನೇ ತಂತಿಗೆ ಹಾಕಿದಳು. ಆಮೇಲೆ ಹೊಲಿಗೆ ಮೆಷಿನ್ನನ್ನೇ ನಮ್ಮ ಕೋಣೆಗೆ ಸಾಗಿಸಿಕೊಂಡು ಬಂದಳು. "ನನ್ನ ಬೆರಳು ಮರಗಟ್ಟಿದೆ, ನಿಮ್ಮ ಮಾವನಿಗೂ ಒಂದು ಸಂಗಾತ," ಎಂದಳು. ಮಾವ ಅವಳಿಗೆ ಗಿರಣಿಯ ಕಥೆ ಹೇಳುತ್ತಿದ್ದರು. ನನಗೆ ಗೊತ್ತೇ ಇರದ ಕಥೆಗಳು. ನಮ್ಮವರು ಚಿಕ್ಕವರಿದ್ದಾಗ ಬಾಯ್ಲರಿನ ಪಕ್ಕ ತೊಟ್ಟಿಲು ಕಟ್ಟಿದ್ದರಂತೆ.

ಅಕ್ಕ ಫೋನ್ ಮಾಡಿ ಏನೇನೋ ಹೇಳಿದಳು. ನಲ್ಲಿಯಲ್ಲಿ ತೊಟ್ಟು ಹೆಚ್ಚಾಗಿತ್ತು, ನೋಡಬೇಕಿತ್ತು. ಆಯ್ತು ಆಯ್ತು ಎಂದೆ.

ಜನವರಿ 3, ಶುಕ್ರವಾರ

ಮಾವ ಬೆಚ್ಚಗಿದ್ದಾರೆ, ಹೊಗೆಯಿಲ್ಲ, ಆದರೂ ಇಳಿಯುತ್ತಿದ್ದಾರೆ. ಎರಡು ಹೆಜ್ಜೆ ನಡೆದರೆ ಗೋಡೆ ಹಿಡಿಯುತ್ತಾರೆ. ಒಲೆ ಸರಿಯಾದರೆ ಎಲ್ಲ ಸರಿಯಾಗುತ್ತದೆ ಎಂದು ನಾನು ಯಾವಾಗ ನಂಬಿಕೊಂಡೆನೋ.

ಕೈಯೆಲ್ಲ ಆಯಿಲ್ ಆಗಿದ್ದರಿಂದ ಅಕ್ಕನ ಫೋನನ್ನು ಸ್ಪೀಕರಿಗೆ ಹಾಕಿದ್ದೆ.

"ಭಾವ ಹದಿಮೂರಕ್ಕೆ ಟೆಂಪೋ ತರ್ತಾರೆ. ಆ ಮುದುಕ ಇನ್ನೂ ಇದ್ದಾನಾ?"

ತಡವರಿಸಿ ಒರೆಸಿಕೊಂಡು ಆಫ್ ಮಾಡುವಷ್ಟರಲ್ಲಿ ಅವಳು ಮುಂದುವರಿಸಿದ್ದಳು. "ಅವನ ದೆಸೆಯಿಂದ ನಿನ್ನ ಜೀವನ ಹಾಳಾಯ್ತು."

ಮಾವ ನಿದ್ದೆ ಮಾಡುತ್ತಿದ್ದರು. ಮಾಡುತ್ತಿದ್ದರು ಎಂದುಕೊಂಡಿದ್ದೇನೆ.

ಜನವರಿ 6, ಸೋಮವಾರ

ಹೋಗಿಬಿಟ್ಟರು.

ಬಸ್ ಡಿಪೋಗೆ ಆಯಿಲ್ ಕೇಳಲು ಹೋಗಿ ಬಂದರೆ ಹಾಸಿಗೆ ಮಡಚಿಟ್ಟಿತ್ತು. ಉಗುಳುವ ಡಬ್ಬಿ ತೊಳೆದು ಬೋರಲು ಹಾಕಿತ್ತು. ಗೋಡೆ ಹಿಡಿಯದೆ ನಡೆಯಲಾಗದ ಮನುಷ್ಯ. ದರ್ಜಿಯಮ್ಮ, "ಗೂಡ್ಸ್ ಆಟೋದವನನ್ನ ನಿಲ್ಲಿಸಿ ದಿಬ್ಬದ ಕಡೆ ಹೋದ್ರು. ನಿನಗೆ ಹೇಳಿದ್ದೀನಿ ಅಂದ್ರಲ್ಲೇ," ಎಂದಳು.

ವೃದ್ಧಾಶ್ರಮದ ಮೇಲ್ವಿಚಾರಕಿ ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡ, ದಣಿದ ಮುಖದ ಹೆಂಗಸು. "ಯಾರೂ ಇಲ್ಲ ಅಂದ್ರಲ್ಲ ಅವ್ರು," ಎನ್ನುತ್ತ ಹಾಲಿಗೆ ಕರೆದೊಯ್ದಳು. ಎರಡು ಸಾಲು ಮಂಚ. ನಡುವೆ ಒಂದು ಒಲೆ ಹೊಗೆ ಕಾರುತ್ತಿತ್ತು. ಕೊನೆಯ ಮಂಚದಲ್ಲಿ ಮಾವ ಚಪ್ಪಲಿ ಕೂಡ ಬಿಚ್ಚದೆ ಕೂತಿದ್ದರು.

"ಏಳಿ ಮಾವ, ಮನೆಗೆ ಹೋಗೋಣ."

ದಾರಿ ಕೇಳಲು ಬಂದ ಅಪರಿಚಿತರನ್ನು ನೋಡುವ ಹಾಗೆ ನೋಡಿದರು.

"ಯಾರಮ್ಮಾ ನೀವು?"

ನೀವು! ಮೇಲ್ವಿಚಾರಕಿ ಕೇಳಿದಳು, "ತಾತಾ, ಇವ್ರು ನಿಮಗೆ ಏನಾಗ್ಬೇಕು?"

"ಏನೂ ಆಗ್ಬೇಕಿಲ್ಲ."

"ಇವರ ಮಗನ ಹೆಂಡತಿ ಕಣ್ರೀ ನಾನು!"

"ನನಗೆ ಮಗ ಇಲ್ಲ," ಎಂದರು ಮಾವ.

ಅದು ಸುಳ್ಳಲ್ಲವಲ್ಲ. ಬಾಯಿಗೆ ಬಂದ ಹಾಗೆ ಬೈದೆ. ಮುದಿಗೂಬೆ ಎಂದೆ. ಎಲ್ಲ ಮಂಚಗಳಲ್ಲೂ ಎದ್ದು ಕೂತರು. ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಗೇಟಿನವರೆಗೆ ಬಂದ ಮೇಲ್ವಿಚಾರಕಿ, "ಗೊತ್ತಾಗತ್ತಮ್ಮ, ನಾನೂ ಬಹಳ ಜನರನ್ನ ನೋಡಿದೀನಿ. ಆದ್ರೆ ಬರಲ್ಲ ಅನ್ನೋವ್ರನ್ನ ಹೊತ್ಕೊಂಡು ಹೋಗಕ್ಕಾಗತ್ತಾ?" ಎಂದಳು.

ಜನವರಿ 7

ಒಲೆ ಚೆನ್ನಾಗಿ ಉರಿಯಿತು.

ಜನವರಿ 10, ಶುಕ್ರವಾರ

ಮತ್ತೆ ಹೋಗಿದ್ದೆ. ಕಂಬಳಿ ತೆಗೆದುಕೊಂಡರು. "ನಿಮಗೆ ತೊಂದರೆ ಆಯ್ತು," ಎಂದರು.

ಆ ಹಾಲಿನ ಒಲೆಯನ್ನು ನೋಡಲಾಗುವುದಿಲ್ಲ. ಡಿಪೋದವರು ದಾನ ಕೊಡುವ ಆಯಿಲ್ಲಿನಲ್ಲೇ ಉರಿಯುವುದು. ಚಳಿಯೆಂದು ಎಲ್ಲ ಕಿಟಕಿಗೂ ಕಾಗದ ಅಂಟಿಸಿದ್ದಾರೆ, ಒಲೆ ನಾಲಿಗೆ ಚಾಚಿಕೊಂಡು ಮಸಿ ಕಕ್ಕುತ್ತದೆ. ಪಕ್ಕದ ಮಂಚದ ಪೋಸ್ಟ್‌ಮನ್ ತಾತನ ದಿಂಬು ಬೂದುಬಣ್ಣಕ್ಕೆ ತಿರುಗಿದೆ. ಇದರಲ್ಲಿ ಮಾವ ಮಲಗಿದ್ದಾರೆ. ಒಂಚೂರೂ ಸೋಕಬಾರದು ಎಂದ ಹೊಗೆಯಲ್ಲಿ.

ಜನವರಿ 13, ಸೋಮವಾರ

ಭಾವ ಟೆಂಪೋ ತಂದರು. ಮಂಚ, ಪಾತ್ರೆ, ಟೂಲ್ ಪೆಟ್ಟಿಗೆ ಏರಿಸಿದೆವು. ಒಲೆಯನ್ನೂ ಎರಡೂ ಪೈಪುಗಳನ್ನೂ ಬಿಚ್ಚಿ ಮೇಲೆ ಹಾಕಿಸಿದೆ.

"ಈ ಗುಜರಿ ಯಾಕಮ್ಮ?"

"ದಾರಿಯಲ್ಲೇ ಇಳಿಸಿ ಹೋಗೋದು ಭಾವ. ಒಂದು ಗಳಿಗೆ ಕೆಲಸ."

ಹಾಲಿನ ಗೋಡೆ ಒಡೆಯಲು ಮೇಲ್ವಿಚಾರಕಿ ಮೊದಲು ಒಪ್ಪಲಿಲ್ಲ. "ಮೇಲಿನವ್ರು ಕೇಳಿದ್ರೆ ನಾನೇನ್ ಹೇಳ್ಲಿ?" ಎಂದಳು. ಅಷ್ಟರಲ್ಲಿ ಯಾರೋ ಕೆಮ್ಮಿದರು, ಅವರ ಹಿಂದೆ ಇನ್ನೊಬ್ಬರು, ಸಾಲಾಗಿ ಎಲ್ಲರೂ. ಅವಳು ಬೀಗದ ಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಾನು ಅಡುಗೆಮನೇಲಿದೀನಿ, ನನಗೇನೂ ಕೇಳಿಸಿಲ್ಲ," ಎಂದು ಹೋದಳು. ಒಡೆದೆ.

ಭಾವ ಟೆಂಪೋದಲ್ಲಿ ಕೂತು ಹಾರನ್ ಬಾರಿಸುತ್ತಿದ್ದರು. ಆಮೇಲೆ ಇಳಿದು ಬಂದರು. "ನಿನ್ನ ಗಳಿಗೆ ಯಾವಾಗ ಮುಗಿಯೋದು? ಕತ್ತಲಾಗತ್ತೆ." ಬೆಸುಗೆ ಅರ್ಧಕ್ಕೆ ಬಿಟ್ಟರೆ ಹೊಗೆ ಸೋರುತ್ತದೆ ಎಂದರೆ ಅವರಿಗೆ ಅರ್ಥವಾಗುವುದಿಲ್ಲ. ಕೊನೆಗೆ ಟೂಲ್ ಪೆಟ್ಟಿಗೆ ಇಳಿಸಿ, ಉಳಿದ ಸಾಮಾನು ಸಮೇತ ಅವರೊಬ್ಬರೇ ಹೋದರು. ಪರವಾಗಿಲ್ಲ. ನಾನು ನಾಳೆಯ ಬಸ್ಸಿಗೆ ಹೋದರಾಯಿತು.

ಜನವರಿ 16

ಒಲೆ ದೊಡ್ಡ ಹಾಲಿಗೆ ಸಾಲುತ್ತಿಲ್ಲ. ಅವರದನ್ನೇ ಬಿಚ್ಚಿ ಹೊಸ ಪೈಪು ಹಾಕಿ ಎರಡನ್ನೂ ಜೋಡಿಸಬೇಕು. ಇದೊಂದು ಮುಗಿಸಿ ಹೋಗುತ್ತೇನೆ. ಒಲೆ ನೋಡಿಕೊಳ್ಳುತ್ತಿದ್ದವನು ಕೆಲಸ ಬಿಟ್ಟಿದ್ದಾನಂತೆ. ಬೇರೆಯವರು ಸಿಗುವವರೆಗೆ ಉಗ್ರಾಣದ ಪಕ್ಕದ ಕೋಣೆಯಲ್ಲಿ ಇರು ಎಂದಿದ್ದಾಳೆ ಮೇಲ್ವಿಚಾರಕಿ.

ಜನವರಿ 22, ಬುಧವಾರ

ಹಾಲಿನ ಕಿಟಕಿಗಳ ಮಸಿ ಒರೆಸಿದೆ. ಹೊರಗೆ ಒಂದು ಮರ ಇದೆ ಎಂದು ಅಲ್ಲಿನವರಿಗೇ ಗೊತ್ತಿರಲಿಲ್ಲ.

ಮಾವ ದಿನವೂ ಒಂದೇ ಪ್ರಶ್ನೆ ಕೇಳುತ್ತಾರೆ. "ನೀವು ಊರಿಗೆ ಹೋಗೋದು ಯಾವಾಗ?"

"ನಾಳೆ," ಎನ್ನುತ್ತೇನೆ.

"ಹೋಗಿ. ನಿಮ್ಮೋರು ಕಾಯ್ತಿರ್ತಾರೆ."

ಪೋಸ್ಟ್‌ಮನ್ ತಾತ ಇಬ್ಬರನ್ನೂ ನೋಡಿ ನಗುತ್ತಾರೆ. "ಪರಿಚಯ ಇಲ್ದೋರು ಇಷ್ಟೊಂದು ಜಗಳ ಆಡೋದು ನಾನೆಲ್ಲೂ ನೋಡಿಲ್ಲ," ಎನ್ನುತ್ತಾರೆ.

ಮಾವನ ಉಗುರಿನ ಬಣ್ಣ ನೀಲಿಗೆ ತಿರುಗುತ್ತಿದೆ. ಡಾಕ್ಟರು ಬಂದು ನೋಡಿ ಹೊರಗೆ ಕರೆಯಲೂ ಇಲ್ಲ, ಹೇಳುವುದೇನೂ ಉಳಿದಿಲ್ಲ.

ಜನವರಿ 30

ಅಕ್ಕ ರೂಮನ್ನು ಬಾಡಿಗೆಗೆ ಕೊಟ್ಟಳಂತೆ. "ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ," ಎಂದು ಫೋನ್ ಇಟ್ಟಳು. ಆಯಿಲ್ಲಿನಲ್ಲಿ ನೀರು ಸೇರಿ ಒಲೆ ಸಿಡಿಯುತ್ತಿತ್ತು, ಹೋಗಿ ಸೋಸಿದೆ.

ಫೆಬ್ರವರಿ 4, ಮಂಗಳವಾರ

ಬೆಳಗ್ಗೆ ಒಲೆಯ ಬಟ್ಟಲು ಕೆರೆದು, ಕೈ ತೊಳೆದುಕೊಂಡು ಹಾಲಿಗೆ ಹೋದೆ. ಮಾವನ ಮೈ ಕೆಂಡದಂತಿತ್ತು. ಉಸಿರು ಮೇಲೆ ಮೇಲೆಯೇ ಬಂದು ಹೋಗುತ್ತಿತ್ತು. ಹಣೆಗೆ ಬಟ್ಟೆ ಇಟ್ಟಾಗ ಕಣ್ಣು ತೆರೆದರು.

"ಎಲ್ಲಿಗೆ ಹೋಗಿದ್ಯಮ್ಮಾ ಇಷ್ಟೊತ್ತು? ಒಂಚೂರು ನೀರು ಕೊಡು."

ಪೋಸ್ಟ್‌ಮನ್ ತಾತ ಎದ್ದು ಕೂತರು. ಚಮಚದಲ್ಲಿ ನೀರು ಹಾಕಿದೆ. ಅರ್ಧ ಒಳಗೆ ಹೋಯಿತು, ಅರ್ಧ ದಿಂಬಿಗೆ.

ಜ್ವರ ತಲೆಗೇರಿದೆ. ಇಲ್ಲದಿದ್ದರೆ ಅವರು ಪರಿಚಯವಿಲ್ಲದವರ ಆಟವನ್ನು ಹೀಗೆ ಮರೆಯುವವರಲ್ಲ.

ಮೇಲ್ವಿಚಾರಕಿ ಬಾಗಿಲಲ್ಲಿ ಬಂದು ನಿಂತು, ನೋಡಿ, ಬೀಗದ ಕೈ ಸದ್ದಾಗದಂತೆ ಹಿಡಿದುಕೊಂಡು ಹಿಂದಕ್ಕೆ ಹೋದಳು.

"ಕೂತ್ಕೋ," ಎಂದರು ಮಾವ.

ಕೂತಿದ್ದೇನೆ.